ಹುಳುವಿನಿಂದ ರಕ್ತದವರೆಗೆ: ಮೈಕ್ರೊ ಆರ್‌ಎನ್‌ಎ ಮತ್ತು ಲ್ಯುಕೇಮಿಯಾದ ಕಥೆ

ಗಲ್ಫ್‌ನಲ್ಲಿ ದುಡಿಯುವ ನಮಗೆ ರಕ್ತ ಕೊಡೋದು ಹೊಸ ವಿಷಯವಲ್ಲ. ಊರು ಬಿಡುವ ಮುಂಚೆ ಮೆಡಿಕಲ್, ಇಲ್ಲಿ ಬಂದಿಳಿದ ಮೇಲೆ ಇನ್ನೊಂದು ಮೆಡಿಕಲ್, ಆಮೇಲೆ ಕಂಪನಿಯ ಕ್ಲಿನಿಕ್‌ನಲ್ಲಿ ಆಗಾಗ ಸಿಬಿಸಿ. ರಿಪೋರ್ಟ್ ಕೈಗೆ ಬಂದಾಗ ಹೆಚ್ಚಿನವರು ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡಿ ಮಡಚಿ ಇಟ್ಟುಬಿಡ್ತಾರೆ. ಅದೇ ಕಾಗದದಲ್ಲಿ ಬಿಳಿ ರಕ್ತಕಣಗಳ ಲೆಕ್ಕವೂ ಇರುತ್ತದೆ. ಸಾಮಾನ್ಯವಾಗಿ ಒಂದು ಮೈಕ್ರೊಲೀಟರ್ ರಕ್ತದಲ್ಲಿ 4,000ದಿಂದ 11,000. ಜ್ವರ, ಕೀವು, ಸೋಂಕು ಇದ್ದರೆ ಸ್ವಲ್ಪ ಏರುತ್ತದೆ, ವಾಸಿಯಾದ ಮೇಲೆ ಇಳಿಯುತ್ತದೆ. ಆದರೆ ಕೆಲವರಲ್ಲಿ ಯಾವ ಜ್ವರವೂ ಇಲ್ಲದೆ ಈ ಅಂಕಿ ಏರುತ್ತಲೇ ಹೋಗುತ್ತದೆ. ವಯಸ್ಸಾದವರಲ್ಲಿ ಕಾಣುವ ಒಂದು ಬಗೆಯ ರಕ್ತದ ಕ್ಯಾನ್ಸರ್ ಎಷ್ಟೋ ಸಲ ಗೊತ್ತಾಗುವುದೇ ಹೀಗೆ, ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ.

ಆ ಕಾಯಿಲೆಯ ಹೆಸರು ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ, ಚಿಕ್ಕದಾಗಿ ಸಿಎಲ್‌ಎಲ್. ಇದರ ಮೂಲ ಹುಡುಕಲು ಹೊರಟವರು ಹತ್ತಾರು ವರ್ಷ ಬರಿಗೈಯಲ್ಲಿ ವಾಪಸು ಬಂದರು. ಉತ್ತರ ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನ ಮೇಲೆ ಕೆಲಸ ಮಾಡಿದವರಿಂದ. 2024ರ ಅಕ್ಟೋಬರ್‌ನಲ್ಲಿ ಆ ಹುಳುವಿನ ಕೆಲಸಕ್ಕೇ ವೈದ್ಯಕೀಯದ ನೊಬೆಲ್ ಬಂತು. ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿಯಾಗಿ ಮರೆತುಹೋದ ಆ ಕಥೆಯನ್ನು ನಮ್ಮ ಸಂಚಿಕೆಯ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳೋಣ ಅಂತ ಈ ಲೇಖನ.

ಬಿಳಿ ರಕ್ತ

1845ರಲ್ಲಿ ಎರಡು ಊರುಗಳಲ್ಲಿ ಇಬ್ಬರು ವೈದ್ಯರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ವಿಚಿತ್ರ ನೋಡಿದರು. ಎಡಿನ್‌ಬರೋದಲ್ಲಿ ಜಾನ್ ಹ್ಯೂಸ್ ಬೆನೆಟ್, ಬರ್ಲಿನ್‌ನಲ್ಲಿ ರುಡಾಲ್ಫ್ ವಿರ್ಚೋ. ತೀರಿಹೋದ ರೋಗಿಯ ರಕ್ತ ಕೆಂಪಗಿರುವ ಬದಲು ಬಿಳಿಚಿಕೊಂಡಿತ್ತು. ಬೆನೆಟ್ ಅದನ್ನು ಕೀವು ತುಂಬಿದ ರಕ್ತ ಅಂತ ತಿಳಿದರು. ವಿರ್ಚೋ ಒಪ್ಪಲಿಲ್ಲ. ಇದು ಕೀವಲ್ಲ, ಬಿಳಿ ಕಣಗಳೇ ಮಿತಿಮೀರಿ ಬೆಳೆದಿವೆ ಅಂದರು. 1847ರಲ್ಲಿ ಲ್ಯುಕೇಮಿಯಾ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಬಿಳಿ ರಕ್ತ ಅಂತ ಅದರ ಅರ್ಥ.

ಹೆಸರಿಟ್ಟ ಮೇಲೆ ನೂರು ವರ್ಷ ಔಷಧ ಅನ್ನುವಂಥದ್ದು ಹೆಚ್ಚೇನೂ ಸಿಗಲಿಲ್ಲ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಇದ್ದ 16 ಮಕ್ಕಳಿಗೆ ಅಮಿನೋಪ್ಟೆರಿನ್ ಅನ್ನುವ ಮದ್ದು ಕೊಟ್ಟರು. 10 ಮಕ್ಕಳಲ್ಲಿ ಕಾಯಿಲೆ ಸ್ವಲ್ಪ ಕಾಲವಾದರೂ ಹಿಂದೆ ಸರಿಯಿತು. ಆ ಮದ್ದು ತಯಾರಾದದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ, ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1923ರಲ್ಲಿ ಅಮೆರಿಕಕ್ಕೆ ಹೋದ ಆತ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಸಣ್ಣ ಕೆಲಸ ಮಾಡಿಕೊಂಡು ಓದಿದವರು. ಫಾರ್ಬರ್ ಫಲಿತಾಂಶ ಅಚ್ಚಾದ ವರ್ಷವೇ ತೀರಿಕೊಂಡರು. ಪರದೇಶದಲ್ಲಿ ದುಡಿಯುವ ನಾವು ನೆನಪಿಡಬೇಕಾದ ಹೆಸರು.

ಮುಂದಿನ ದೊಡ್ಡ ಹೆಜ್ಜೆ 1960ರಲ್ಲಿ. ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ, ಅಂದರೆ ಸಿಎಂಎಲ್‌ನಲ್ಲಿ, ಒಂದು ಕ್ರೋಮೋಸೋಮ್ ಮೋಟಾಗಿರುವುದನ್ನು ಕಂಡರು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ಅದಕ್ಕೆ ಕಾರಣ ಹೇಳಿದರು: 9ನೇ ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡಾಗಿ ಪರಸ್ಪರ ತುದಿ ಬದಲಾಯಿಸಿಕೊಂಡಿವೆ. ಹಾಗೆ ಅಂಟಿಕೊಂಡ ಜಾಗದಲ್ಲಿ ಒಂದು ಹೊಸ ಕೆಟ್ಟ ಪ್ರೋಟೀನ್ ತಯಾರಾಗುತ್ತದೆ ಅಂತ ಆಮೇಲೆ ತಿಳಿಯಿತು. ಆ ಪ್ರೋಟೀನನ್ನು ಕಟ್ಟಿಹಾಕುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗ್ಲಿವೆಕ್ ಅಂದರೆ ಇದೇ.

ಈ ಗೆಲುವು ಎಲ್ಲರ ತಲೆಯಲ್ಲೂ ಒಂದು ನಂಬಿಕೆ ಗಟ್ಟಿ ಮಾಡಿತು. ಕ್ರೋಮೋಸೋಮ್ ಎಲ್ಲಿ ಕೆಟ್ಟಿದೆ ನೋಡು, ಅಲ್ಲಿನ ಜೀನ್ ಹುಡುಕು, ಅದರ ಪ್ರೋಟೀನ್ ಹಿಡಿ. ಕಾಯಿಲೆಯ ಬೇರು ಸಿಕ್ಕೇ ಸಿಗುತ್ತದೆ.

ಜೀನ್ ಇಲ್ಲದ ಜಾಗ

ಸಿಎಲ್‌ಎಲ್‌ನಲ್ಲಿ ಈ ದಾರಿ ಕೆಲಸ ಮಾಡಲಿಲ್ಲ. 1980ರ ದಶಕದ ಕೊನೆಗೆ ವಿಜ್ಞಾನಿಗಳಿಗೆ ಇಷ್ಟು ಗೊತ್ತಾಗಿತ್ತು: ಈ ರೋಗಿಗಳಲ್ಲಿ ಹಲವರ ಕೆಟ್ಟ ಕಣಗಳಲ್ಲಿ 13ನೇ ಕ್ರೋಮೋಸೋಮಿನ ಒಂದು ತುಂಡೇ ಕಾಣೆಯಾಗಿದೆ. ಮುಂದೆ 2000ದಲ್ಲಿ ಜರ್ಮನಿಯಲ್ಲಿ 325 ರೋಗಿಗಳನ್ನು ಪರೀಕ್ಷಿಸಿದಾಗ ನೂರರಲ್ಲಿ 55 ಜನಕ್ಕೆ ಈ ತುಂಡು ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಒಂದೇ ಜಾಗ ಹೋಗಿದೆ ಅಂದರೆ ಕಾಯಿಲೆಯನ್ನು ತಡೆಯುವ ಏನೋ ಅಲ್ಲಿತ್ತು ಅಂತಲೇ ಅರ್ಥ ತಾನೇ?

ಮೊದಲು ಎಲ್ಲರೂ ಬೊಟ್ಟು ಮಾಡಿದ್ದು ರೆಟಿನೋಬ್ಲಾಸ್ಟೋಮಾ ಜೀನ್ ಕಡೆಗೆ. ಮಕ್ಕಳ ಕಣ್ಣಿನ ಕ್ಯಾನ್ಸರಿಗೆ ಕಾರಣವಾಗುವ ಆ ಜೀನ್ ಅದೇ ಬೀದಿಯಲ್ಲಿದೆ. ಆದರೆ ಅಳತೆ ಮಾಡಿ ನೋಡಿದರೆ ಎಷ್ಟೋ ರೋಗಿಗಳಲ್ಲಿ ಆ ಜೀನ್ ಸರಿಯಾಗಿಯೇ ಇತ್ತು, ಹೋಗಿದ್ದು ಅದರ ಪಕ್ಕದ ಜಾಗ. ಸ್ವೀಡನ್, ಇಂಗ್ಲೆಂಡ್, ಜರ್ಮನಿ, ಅಮೆರಿಕದ ತಂಡಗಳು ಪೈಪೋಟಿಯ ಮೇಲೆ ಆ ಜಾಗವನ್ನು ಕಿರಿದು ಮಾಡುತ್ತಾ ಬಂದವು. ಸಿಕ್ಕ ಒಂದೆರಡು ಜೀನ್‌ಗಳಿಗೆ ಹೆಸರೂ ಇಟ್ಟರು. ಆದರೆ ಪ್ರೋಟೀನ್ ತಯಾರಿಸಿ, ರೋಗಿಗಳಲ್ಲಿ ಕೆಟ್ಟಿರುವ ಒಂದು ಜೀನೂ ಅಲ್ಲಿ ಸಿಗಲಿಲ್ಲ.

ಅಂದಿನ ತಿಳಿವಳಿಕೆ ಹೇಗಿತ್ತು ಅಂದರೆ, ಜೀನ್ ಅಂದರೆ ಪ್ರೋಟೀನ್ ಮಾಡುವ ಆದೇಶ. ಡಿಎನ್‌ಎ ಆಫೀಸಿನ ಮೂಲ ಕಡತ. ಅದರಿಂದ ನಕಲು ತೆಗೆದ ಕೆಲಸದ ಚೀಟಿ ಸಂದೇಶವಾಹಕ ಆರ್‌ಎನ್‌ಎ. ಚೀಟಿ ನೋಡಿ ಪ್ರೋಟೀನ್ ತಯಾರಾಗುತ್ತದೆ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ, ಅದರಲ್ಲಿ ಪ್ರೋಟೀನ್ ಬರೆಯುವ ಭಾಗ ನೂರಕ್ಕೆ ಎರಡರಷ್ಟೂ ಇಲ್ಲ. ಉಳಿದದ್ದರಲ್ಲಿ ಹೆಚ್ಚಿನದಕ್ಕೆ ಕಸ ಅಂತಲೇ ಹೆಸರಿತ್ತು. ಕಸದಲ್ಲಿ ಯಾರು ಹುಡುಕುತ್ತಾರೆ?

ಹುಳುವಿನ ಕಡೆಗೆ

ಇದೇ ಹೊತ್ತಿಗೆ ಕ್ಯಾನ್ಸರಿನ ಗೊಡವೆಯೇ ಇಲ್ಲದ ಇಬ್ಬರು ಹುಳು ನೋಡುತ್ತಾ ಕೂತಿದ್ದರು. ಸಿ. ಎಲಿಗನ್ಸ್ ಅನ್ನುವ ಮಣ್ಣಿನ ಹುಳು. ಬೆಳೆದ ಹುಳುವಿನ ದೇಹದಲ್ಲಿ 959 ಜೀವಕೋಶ, ಲೆಕ್ಕ ಹಾಕಿಟ್ಟ ಹಾಗೆ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಇಬ್ಬರೂ 1980ರ ದಶಕದಲ್ಲಿ ಎಂಐಟಿಯ ರಾಬರ್ಟ್ ಹೊರ್ವಿಟ್ಜ್ ಅವರ ಪ್ರಯೋಗಾಲಯದಲ್ಲಿ ಜೊತೆಗಿದ್ದವರು. ಆಂಬ್ರೋಸ್ ಅವರ ತಂದೆ ಯುದ್ಧದಿಂದ ನಿರಾಶ್ರಿತರಾಗಿ ಅಮೆರಿಕ ಸೇರಿದ ಪೋಲೆಂಡಿನವರು. ಮಗ ಬೆಳೆದದ್ದು ವರ್ಮಾಂಟಿನ ಸಣ್ಣ ಹೈನು ಫಾರ್ಮ್‌ನಲ್ಲಿ.

ಲಿನ್-4 ಅನ್ನುವ ಜೀನ್ ಕೆಟ್ಟ ಹುಳುಗಳು ಬೆಳೆಯುವುದನ್ನೇ ಮರೆತು ಮರಿಯ ಹಂತವನ್ನೇ ಮತ್ತೆ ಮತ್ತೆ ಮಾಡುತ್ತವೆ. ಲಿನ್-14 ಕೆಟ್ಟರೆ ಇದರ ಉಲ್ಟಾ. ಅಂದರೆ ಲಿನ್-4 ಸರಿಯಾದ ಹೊತ್ತಿಗೆ ಲಿನ್-14ರ ಬಾಯಿ ಮುಚ್ಚಿಸುತ್ತದೆ. ಹೇಗೆ ಮುಚ್ಚಿಸುತ್ತದೆ ಅನ್ನುವುದೇ ಪ್ರಶ್ನೆ. ಆಂಬ್ರೋಸ್, ಅವರ ಹೆಂಡತಿ ರೊಸಾಲಿಂಡ್ ಲೀ ಮತ್ತು ರೊಂಡಾ ಫೈನ್‌ಬಾಮ್ ವರ್ಷಗಟ್ಟಲೆ ಲಿನ್-4 ಹಿಂದೆ ಬಿದ್ದರು. ಕೊನೆಗೆ ಸಿಕ್ಕಿದ್ದರಲ್ಲಿ ಪ್ರೋಟೀನ್ ಬರೆಯುವ ಆದೇಶವೇ ಇರಲಿಲ್ಲ. ಇದ್ದದ್ದು ಬರೀ 22 ಅಕ್ಷರಗಳ ಒಂದು ಚೂರು ಆರ್‌ಎನ್‌ಎ.

ಇತ್ತ ರುವ್ಕುನ್ ತಂಡಕ್ಕೆ ಲಿನ್-14ರ ಚೀಟಿಯ ಬಾಲದಲ್ಲಿ ಒಂದೇ ತರಹದ ತುಣುಕುಗಳು ಹಲವು ಸಲ ಬಂದಿರುವುದು ಕಂಡಿತ್ತು. 1992ರಲ್ಲಿ ಇಬ್ಬರೂ ತಂತಮ್ಮ ಅಕ್ಷರಸಾಲು ಹಂಚಿಕೊಂಡು ಪಕ್ಕಪಕ್ಕ ಇಟ್ಟು ನೋಡಿದರು. ಲಿನ್-4ರ ಚೂರು ಆ ಬಾಲಕ್ಕೆ ಕೊಂಡಿ ಹಾಕಿದ ಹಾಗೆ ಕೂರುತ್ತಿತ್ತು. ಚೀಟಿ ಹರಿದಿಲ್ಲ, ಕಳೆದೂ ಹೋಗಿಲ್ಲ. ಆದರೆ ಸೈಟಿಗೆ ಬಂದ ಕೆಲಸದ ಚೀಟಿಯ ಮೇಲೆ ಸೂಪರ್‌ವೈಸರ್ "ನಿಲ್ಲಿಸಿ" ಅಂತ ಕ್ಲಿಪ್ ಹಾಕಿದ ಹಾಗೆ, ಅದರಿಂದ ಪ್ರೋಟೀನ್ ಮಾತ್ರ ತಯಾರಾಗುತ್ತಿರಲಿಲ್ಲ. 1993ರ ಡಿಸೆಂಬರ್‌ನಲ್ಲಿ ಎರಡೂ ಪ್ರಬಂಧ ಸೆಲ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು.

ಜಗತ್ತು ಹೆಚ್ಚೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಹುಳುವಿನ ಯಾವುದೋ ವಿಶೇಷ ಇರಬೇಕು ಅಂತ ಸುಮ್ಮನಾದರು. ಅಷ್ಟರಲ್ಲಿ ಹಾರ್ವರ್ಡ್ ಆಂಬ್ರೋಸ್‌ಗೆ ಕಾಯಂ ಹುದ್ದೆ ಕೊಡದೆ ಕಳಿಸಿತ್ತು, ಅವರು ಡಾರ್ಟ್‌ಮತ್ ಕಾಲೇಜು ಸೇರಿದ್ದರು. ಏಳು ವರ್ಷ ಹೀಗೇ ಕಳೆಯಿತು. 2000ದಲ್ಲಿ ರುವ್ಕುನ್ ತಂಡ ಲೆಟ್-7 ಅನ್ನುವ ಎರಡನೇ ಚೂರು ಹುಡುಕಿತು. ಇದು ಹುಳುವಿನಲ್ಲಷ್ಟೇ ಅಲ್ಲ, ನೊಣದಲ್ಲೂ ಮೀನಿನಲ್ಲೂ ಮನುಷ್ಯನಲ್ಲೂ ಇತ್ತು. ಆಗ ಎಲ್ಲರೂ ಎದ್ದು ಕೂತರು. 2001ರ ಅಕ್ಟೋಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಟ್ಟಿಗೆ ಮೂರು ಪ್ರಬಂಧ ಬಂದವು: ಜರ್ಮನಿಯಿಂದ ಥಾಮಸ್ ಟುಶಲ್ ತಂಡ, ಅಮೆರಿಕದಿಂದ ಡೇವಿಡ್ ಬಾರ್ಟೆಲ್ ತಂಡ ಮತ್ತು ಆಂಬ್ರೋಸ್ ತಂಡ. ಇಂಥ ಹತ್ತಾರು ಚೂರುಗಳಿವೆ, ಇವುಗಳಿಗೆ ಮೈಕ್ರೊ ಆರ್‌ಎನ್‌ಎ ಅಂತ ಹೆಸರು ಅಂತ ಅಲ್ಲಿ ಘೋಷಣೆ ಆಯಿತು.

2002: ಎರಡು ದಾರಿ ಕೂಡಿದ್ದು

ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದಲ್ಲಿ ಆಗ ಸಿಎಲ್‌ಎಲ್ ಹಿಂದೆ ಬಿದ್ದಿದ್ದವರು ಇಟಲಿಯಿಂದ ಬಂದ ಕಾರ್ಲೋ ಕ್ರೋಚೆ. ಅವರ ಪ್ರಯೋಗಾಲಯಕ್ಕೆ ರುಮೇನಿಯಾದಿಂದ ಜಾರ್ಜ್ ಕ್ಯಾಲಿನ್ ಅನ್ನುವ ಯುವ ವೈದ್ಯ ಬಂದು ಸೇರಿದ್ದರು. ತೀರಾ ಸಣ್ಣ ತುಂಡು ಮಾತ್ರ ಕಳೆದುಕೊಂಡ ರೋಗಿಗಳ ಕಣಗಳನ್ನಿಟ್ಟುಕೊಂಡು ಅವರು 13ನೇ ಕ್ರೋಮೋಸೋಮಿನ ಆ ಜಾಗವನ್ನು ಸುಮಾರು 30 ಸಾವಿರ ಅಕ್ಷರಗಳಿಗೆ ಇಳಿಸಿದರು. 300 ಕೋಟಿಯಲ್ಲಿ 30 ಸಾವಿರ. ಅಲ್ಲೂ ಪ್ರೋಟೀನ್ ಬರೆಯುವ ಜೀನ್ ಇಲ್ಲ.

ಆ ಹೊತ್ತಿಗೆ ಟುಶಲ್ ತಂಡದ ಹೊಸ ಪಟ್ಟಿ ಪ್ರಕಟವಾಗಿತ್ತು. ಅದರಲ್ಲಿದ್ದ ಮಿರ್-15 ಮತ್ತು ಮಿರ್-16 ಅನ್ನುವ ಎರಡು ಚೂರುಗಳ ವಿಳಾಸ ನೋಡಿದರೆ ಸರಿಯಾಗಿ ಆ 30 ಸಾವಿರ ಅಕ್ಷರಗಳ ಒಳಗೇ ಇತ್ತು. ರೋಗಿಗಳ ರಕ್ತದಲ್ಲಿ ಅಳೆದು ನೋಡಿದಾಗ ನೂರರಲ್ಲಿ ಸುಮಾರು 68 ಮಂದಿಯಲ್ಲಿ ಈ ಎರಡೂ ಇಲ್ಲ ಅಥವಾ ತೀರಾ ಕಡಿಮೆ. 2002ರ ನವೆಂಬರ್‌ನಲ್ಲಿ ಇದು ಅಚ್ಚಾಯಿತು. ಮನುಷ್ಯನ ಕಾಯಿಲೆಯೊಂದಕ್ಕೆ ಮೈಕ್ರೊ ಆರ್‌ಎನ್‌ಎ ನಂಟು ಮೊದಲು ಸಿಕ್ಕಿದ್ದು ಇಲ್ಲೇ, ಲ್ಯುಕೇಮಿಯಾದಲ್ಲೇ. ಅಷ್ಟು ವರ್ಷ ಹುಡುಕಿದವರು ಸರಿಯಾದ ಜಾಗದಲ್ಲೇ ಹುಡುಕುತ್ತಿದ್ದರು. ಏನು ಹುಡುಕಬೇಕು ಅನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಈ ಎರಡು ಚೂರು ಹೋದರೆ ಕ್ಯಾನ್ಸರ್ ಯಾಕೆ ಬರಬೇಕು? ನಮ್ಮ ರಕ್ತಕಣಗಳಿಗೆ ಆಯಸ್ಸು ಇದೆ. ಕೆಲಸ ಮುಗಿದ ಕಣ ತಾನಾಗಿ ಸಾಯಬೇಕು. ಆ ಸಾವನ್ನು ತಡೆಯುವ ಒಂದು ಪ್ರೋಟೀನ್ ಇದೆ, ಹೆಸರು ಬಿಸಿಎಲ್-2. ಇದನ್ನು 1984ರಲ್ಲಿ ಗುರುತಿಸಿದ್ದೂ ಕ್ರೋಚೆ ಪ್ರಯೋಗಾಲಯವೇ. ಅದು ಕಣವನ್ನು ಸಾಯಲು ಬಿಡುವುದಿಲ್ಲ ಅಂತ 1988ರಲ್ಲಿ ತೋರಿಸಿದ್ದು ಮೆಲ್ಬರ್ನಿನ ಡೇವಿಡ್ ವಾಕ್ಸ್. 2005ರಲ್ಲಿ ಕ್ರೋಚೆ ತಂಡ ಹೇಳಿದ್ದು ಇಷ್ಟು: ಮಿರ್-15 ಮತ್ತು ಮಿರ್-16 ಬಿಸಿಎಲ್-2 ಚೀಟಿಯ ಮೇಲೆ ಕ್ಲಿಪ್ ಹಾಕಿ ಅದನ್ನು ಹದ್ದಿನಲ್ಲಿಡುತ್ತವೆ. ಅವೇ ಹೋದರೆ ಬಿಸಿಎಲ್-2 ರಾಶಿ ಬೀಳುತ್ತದೆ, ಸಾಯಬೇಕಾದ ಕಣ ಸಾಯುವುದಿಲ್ಲ. ಸಿಎಲ್‌ಎಲ್ ನಿಧಾನವಾಗಿ, ವರ್ಷಗಟ್ಟಲೆ ಬೆಳೆಯುವ ಕಾಯಿಲೆ. ಕಣಗಳು ದಡಬಡ ಹುಟ್ಟುವುದಕ್ಕಿಂತ ಹಳೆಯ ಕಣ ಹೋಗದೆ ಉಳಿಯುವುದೇ ಇಲ್ಲಿನ ದೊಡ್ಡ ತೊಂದರೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕ್ರೋಚೆ ಪ್ರಯೋಗಾಲಯದಿಂದ ಬಂದ ಬೇರೆ ಕೆಲವು ಪ್ರಬಂಧಗಳು ಮುಂದೆ ಆಕ್ಷೇಪಣೆಗೆ ಒಳಗಾಗಿ ವಾಪಸಾದವು. ಹಾಗಾಗಿ ಬೇರೆಯವರ ಸಾಕ್ಷಿ ಬಹಳ ಮುಖ್ಯ. ಆ ಸಾಕ್ಷಿ ಇಲಿಗಳಿಂದ ಬಂತು. ವಯಸ್ಸಾದ ಮೇಲೆ ಸಿಎಲ್‌ಎಲ್ ತರಹದ ಕಾಯಿಲೆ ತಾನಾಗಿ ಬರುವ ಒಂದು ಇಲಿ ತಳಿಯಲ್ಲಿ ಮಿರ್-16ರ ಪಕ್ಕದಲ್ಲೇ ಒಂದು ಅಕ್ಷರ ತಪ್ಪಿರುವುದು 2007ರಲ್ಲಿ ಕಂಡಿತು. 2010ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಈ ಎರಡು ಚೂರುಗಳನ್ನು ಬೇಕಂತಲೇ ತೆಗೆದುಹಾಕಿತು. ಆ ಇಲಿಗಳಲ್ಲೂ ಅದೇ ಬಗೆಯ ಕಾಯಿಲೆ ಬಂತು.

ಕೋಳಿಯ ಪಾಠ

ಇಲ್ಲದಿದ್ದರೆ ಕಾಯಿಲೆ ತರುವ ಚೂರುಗಳು ಇವು. ಹೆಚ್ಚಾದರೆ ಕಾಯಿಲೆ ತರುವ ಚೂರೂ ಇದೆ. ಕೋಳಿಗಳಿಗೆ ಲ್ಯುಕೋಸಿಸ್ ಅನ್ನುವ ವೈರಸ್ ಕಾಯಿಲೆ ಬರುವುದು ಸಾಕಣೆ ಮಾಡುವವರಿಗೆ ಗೊತ್ತು. ಕೋಳಿಯ ರಕ್ತದ ಕ್ಯಾನ್ಸರ್ ಒಂದರಿಂದ ಒಂದಕ್ಕೆ ಅಂಟಿಸಬಹುದು ಅಂತ 1908ರಲ್ಲೇ ಡೆನ್ಮಾರ್ಕಿನಲ್ಲಿ ತೋರಿಸಿದ್ದರು. 1989ರಲ್ಲಿ ಈ ವೈರಸ್ ಕೋಳಿಯ ಡಿಎನ್‌ಎಯಲ್ಲಿ ಪದೇ ಪದೇ ಹೋಗಿ ಕೂರುವ ಒಂದು ಜಾಗ ಸಿಕ್ಕಿತು. ಅದಕ್ಕೆ ಬಿಕ್ ಅಂತ ಹೆಸರಿಟ್ಟರು. 1997ರಲ್ಲಿ ಅದನ್ನು ಪೂರ್ತಿ ಓದಿ ನೋಡಿದರೆ ಅಲ್ಲೂ ಪ್ರೋಟೀನ್ ಇಲ್ಲ. ಮತ್ತೆ ಅದೇ ಒಗಟು. ಬಿಕ್ ಹೊತ್ತು ತಿರುಗುತ್ತಿದ್ದದ್ದು ಮಿರ್-155 ಅನ್ನುವ ಮೈಕ್ರೊ ಆರ್‌ಎನ್‌ಎ ಅಂತ ಆಮೇಲೆ ತಿಳಿಯಿತು. ಮನುಷ್ಯರ ಹಲವು ಲಿಂಫೋಮಾ ಮತ್ತು ಲ್ಯುಕೇಮಿಯಾಗಳಲ್ಲಿ ಅದು ಮಿತಿಮೀರಿ ಇರುತ್ತದೆ. 2006ರಲ್ಲಿ ಇಲಿಯ ಬಿ ಕಣಗಳಲ್ಲಿ ಅದೊಂದನ್ನೇ ಹೆಚ್ಚು ಮಾಡಿ ಬೆಳೆಸಿದಾಗ ಇಲಿಗಳಿಗೆ ಲ್ಯುಕೇಮಿಯಾ ಬಂತು.

2005ರಲ್ಲಿ ಬೋಸ್ಟನ್ನಿನ ಟಾಡ್ ಗೋಲಬ್ ಮತ್ತು ಸಂಗಡಿಗರು 217 ಮೈಕ್ರೊ ಆರ್‌ಎನ್‌ಎಗಳನ್ನು ಅಳೆದು, ಗಡ್ಡೆ ಯಾವ ಅಂಗದಿಂದ ಬಂದದ್ದು ಅಂತ ಗುರುತಿಸಬಹುದು ಅಂತ ತೋರಿಸಿದರು. ಬೆರಳಚ್ಚಿನ ಹಾಗೆ ಅನ್ನಿ.

ಮದ್ದಾಗಲು ಯಾಕಿಷ್ಟು ತಡ

ಕಡಿಮೆಯಾದ ಚೂರನ್ನು ಇಂಜೆಕ್ಷನ್‌ನಲ್ಲಿ ತುಂಬಿಸಿದರೆ ಆಯಿತಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಕಂಪನಿಗಳಿಗೂ ಅನ್ನಿಸಿತು. ಎಂಆರ್‌ಎಕ್ಸ್34 ಅನ್ನುವ ಮದ್ದು ಮಿರ್-34ರ ನಕಲು. ಯಕೃತ್ತಿನ ಕ್ಯಾನ್ಸರ್ ಸೇರಿ ಹಲವು ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. ಐವರು ರೋಗಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಭಯಂಕರವಾಗಿ ತಿರುಗಿಬಿದ್ದಿತು. 2016ರಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಮಿರ್-155 ತಡೆಯುವ ಇನ್ನೊಂದು ಮದ್ದೂ ಪ್ರಯೋಗದ ಹಂತ ದಾಟಿ ಅಂಗಡಿಗೆ ಬರಲಿಲ್ಲ.

ಕಷ್ಟ ಎಲ್ಲಿದೆ ಅಂದರೆ, ಒಂದು ಮೈಕ್ರೊ ಆರ್‌ಎನ್‌ಎ ಒಂದೇ ಚೀಟಿ ನೋಡುವುದಿಲ್ಲ, ನೂರಾರು ಚೀಟಿ ನೋಡುತ್ತದೆ. ಒಂದು ಅಂಗದಲ್ಲಿ ಒಳ್ಳೆಯದು ಮಾಡುವುದೇ ಇನ್ನೊಂದರಲ್ಲಿ ತೊಂದರೆ ಮಾಡಬಹುದು. ರಕ್ತಕ್ಕೆ ಬಿಟ್ಟ ಆರ್‌ಎನ್‌ಎ ಬೇಗ ಪುಡಿಯಾಗುತ್ತದೆ. ಅದನ್ನು ಕಾಪಾಡಿ ಮೂಳೆಮಜ್ಜೆಯ ಕೆಟ್ಟ ಕಣಕ್ಕೆ ಮಾತ್ರ ತಲುಪಿಸುವುದು ಇನ್ನೂ ಬಗೆಹರಿದಿಲ್ಲ.

ಆದರೆ ಬಿಸಿಎಲ್-2 ಪ್ರೋಟೀನನ್ನೇ ನೇರ ಹಿಡಿಯುವ ಮಾತ್ರೆ ಬಂದಿದೆ. ಹೆಸರು ವೆನೆಟೊಕ್ಲಾಕ್ಸ್, 2016ರ ಏಪ್ರಿಲ್‌ನಲ್ಲಿ ಸಿಎಲ್‌ಎಲ್‌ಗೆ ಅನುಮತಿ ಸಿಕ್ಕಿತು. ಅದನ್ನು ತಯಾರಿಸಿದ್ದು ಮೈಕ್ರೊ ಆರ್‌ಎನ್‌ಎ ನೋಡಿ ಅಲ್ಲ, ಪ್ರೋಟೀನ್ ಸಂಶೋಧನೆಯ ಬೇರೆ ದಾರಿಯಿಂದ. ಆದರೆ ಸಿಎಲ್‌ಎಲ್ ಕಣ ಬಿಸಿಎಲ್-2 ಮೇಲೆ ಯಾಕಿಷ್ಟು ನೆಚ್ಚಿಕೊಂಡಿದೆ ಅನ್ನುವ ಪ್ರಶ್ನೆಗೆ 13ನೇ ಕ್ರೋಮೋಸೋಮಿನ ಆ ಸಣ್ಣ ಚೂರುಗಳು ಉತ್ತರದ ಒಂದು ದೊಡ್ಡ ಪಾಲು ಕೊಡುತ್ತವೆ.

ನಮಗೆ ಇದರಿಂದ ಏನು

ಸಿಎಲ್‌ಎಲ್ ಪಶ್ಚಿಮದವರಲ್ಲಿ ಹೆಚ್ಚು, ನಮ್ಮ ಕಡೆ ಕಡಿಮೆ. ನಮ್ಮಲ್ಲಿ ದೊಡ್ಡವರಿಗೆ ಬರುವ ರಕ್ತದ ಕ್ಯಾನ್ಸರ್‌ನಲ್ಲಿ ಸಿಎಂಎಲ್ ಪಾಲು ದೊಡ್ಡದು. ಅದರ ಮಾತ್ರೆ ಇಮ್ಯಾಟಿನಿಬ್ ಬ್ರ್ಯಾಂಡ್ ಹೆಸರಲ್ಲಿ ತಿಂಗಳಿಗೆ ಸುಮಾರು 1,20,000 ರೂಪಾಯಿ ಆಗುತ್ತಿತ್ತು, ನಮ್ಮ ದೇಶದ ಕಂಪನಿಗಳ ಅದೇ ಮಾತ್ರೆ ಸುಮಾರು 8,000. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿ ತಳ್ಳಿಹಾಕಿದ ಕಾರಣ ಆ ಅಗ್ಗದ ಮಾತ್ರೆ ಉಳಿಯಿತು. ಪ್ರಯೋಗಾಲಯದಲ್ಲಿ ಗೆದ್ದ ಮೇಲೂ ರೋಗಿಯ ಕೈಗೆ ಎಟುಕಲು ಇನ್ನೊಂದು ಜಗಳ ಇರುತ್ತದೆ ಅನ್ನುವುದಕ್ಕೆ ಇದೇ ಉದಾಹರಣೆ.

ಇನ್ನು ರಿಪೋರ್ಟ್ ವಿಷಯ. ಬಿಳಿ ಕಣ ಏರಿದೆ ಅಂದಕೂಡಲೇ ಕ್ಯಾನ್ಸರ್ ಅಂತಲ್ಲ, ಹೆಚ್ಚಿನ ಸಲ ಸೋಂಕೇ ಕಾರಣ. ಆದರೆ ಕೆಲಸ ಹೋದೀತು, ವೀಸಾ ಹೋದೀತು ಅಂತ ಹೆದರಿ ರಿಪೋರ್ಟ್ ಬಚ್ಚಿಡಬೇಡಿ. ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ, ಇಳಿಯದಿದ್ದರೆ ರಕ್ತದ ಕಾಯಿಲೆಯ ತಜ್ಞರನ್ನು ನೋಡಿ. ರಜೆಗೆ ಊರಿಗೆ ಹೋಗುವಾಗ ಹಳೆಯ ರಿಪೋರ್ಟ್ ಎಲ್ಲ ಜೊತೆಗೆ ಒಯ್ಯಿರಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೇ ಕೆಲಸ ಮಾಡುತ್ತಿದೆ.

ಒಂದು ವೇಳೆ ಸಿಎಲ್‌ಎಲ್ ಅಂತಲೇ ಆದರೂ ಎಷ್ಟೋ ಜನಕ್ಕೆ ತಕ್ಷಣ ಮದ್ದು ಬೇಡ, ಆಗಾಗ ಪರೀಕ್ಷೆ ಮಾಡಿ ಕಾಯುತ್ತಾರೆ. ಯಾವ ಕ್ರೋಮೋಸೋಮ್ ಹೋಗಿದೆ ಅಂತ ತಿಳಿಯುವ ಫಿಶ್ ಪರೀಕ್ಷೆ ಇಲ್ಲಿ ಮುಖ್ಯ. ಮೇಲೆ ಹೇಳಿದ 325 ಜನರ ಅಧ್ಯಯನದಲ್ಲಿ 13ನೇ ಕ್ರೋಮೋಸೋಮಿನ ತುಂಡು ಮಾತ್ರ ಹೋದವರಲ್ಲಿ ಅರ್ಧ ಜನ 133 ತಿಂಗಳಿಗಿಂತ ಹೆಚ್ಚು ಬದುಕಿದ್ದರು. 17ನೇ ಕ್ರೋಮೋಸೋಮಿನ ತುಂಡು ಹೋದವರಲ್ಲಿ ಅದು ಬರೀ 32 ತಿಂಗಳು. ಇದು ಈಗಿನ ಹೊಸ ಮಾತ್ರೆಗಳು ಬರುವ ಮುಂಚಿನ ಲೆಕ್ಕ. ಕಾಯಿಲೆಯ ಹೆಸರು ಒಂದೇ ಆದರೂ ದಾರಿ ಬೇರೆ ಬೇರೆ.

ಕೊನೆಯದಾಗಿ ಒಂದು ಎಚ್ಚರಿಕೆ. ನೊಬೆಲ್ ಬಂದ ಮೇಲೆ ಆರ್‌ಎನ್‌ಎ ಹೆಸರು ಹೇಳಿ ಪುಡಿ, ಡ್ರಾಪ್ಸ್, ಪ್ಯಾಕೇಜ್ ಮಾರುವವರು ಹುಟ್ಟಿಕೊಳ್ಳುತ್ತಾರೆ. ಲ್ಯುಕೇಮಿಯಾಗೆ ಮೈಕ್ರೊ ಆರ್‌ಎನ್‌ಎ ಮದ್ದು ಯಾವ ದೇಶದಲ್ಲೂ ಇನ್ನೂ ಅನುಮತಿ ಪಡೆದಿಲ್ಲ. ಮನೆಯಲ್ಲಿ ಯಾರಾದರೂ ಈ ಕಾಯಿಲೆಗೆ ಬಿದ್ದಾಗ ಅಂಥವರ ಮಾತು ಕೇಳಿ ಜಮೀನು ಮಾರಬೇಡಿ, ಇಲ್ಲಿ ಬೆವರು ಸುರಿಸಿ ಕಳಿಸಿದ ದುಡ್ಡು ಅವರಿಗೆ ಸುರಿಯಬೇಡಿ. ಮೊದಲು ತಜ್ಞರನ್ನು ಕೇಳಿ, ಈಗ ಕೈಗೆ ಸಿಗುವ ಮಾತ್ರೆಗಳಲ್ಲಿ ನಮಗೆ ಯಾವುದು ಆಗುತ್ತದೆ ಅಂತ.